ಹೆರಿಯಣ್ಣನ ಪಾಲು

ಸಮುದ್ರಕ್ಕೆ ಹೋದವರು ಮೀನಿನ ಬದಲು ಕರೆಂಟು ಹಿಡಿದುಕೊಂಡು ಬಂದರೆ ಹೇಗೆ ಎಂದು ಹಿಂದೆ ಯಾರಾದರೂ ತೆಂಕುಕೋಡಿಯಲ್ಲಿ ಕೇಳಿದ್ದರೆ, ಅವನನ್ನು ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದರು. ಈಗ ಸಂಜೆಯಾದರೆ ಅದೇ ಊರಿನ ಹೆಂಗಸರು ಬ್ಯಾಟರಿ ಡಬ್ಬಗಳನ್ನು ಸೊಂಟದ ಮೇಲಿಟ್ಟುಕೊಂಡು ದಡದಲ್ಲಿ ನಿಲ್ಲುತ್ತಾರೆ. ಹಿಂದೆ ಅದೇ ಸೊಂಟದಲ್ಲಿ ಮೀನಿನ ಬುಟ್ಟಿ ಇರುತ್ತಿತ್ತು. ಹಾಯಿ ಕಂಡ ಕೂಡಲೇ ಕೇಳುವ ಮಾತೂ ಹಳೆಯದೇ, "ಇವತ್ತ್ ಎಷ್ಟ್ ಬಿದ್ದಿತ್ತ್?"

ಊರೆಂದರೆ ಹೊಳೆಗೂ ಸಮುದ್ರಕ್ಕೂ ನಡುವೆ ಚಾಚಿದ ಒಂದು ಮರಳಿನ ನಾಲಗೆ, ಅದರ ಮೇಲೆ ಇಪ್ಪತ್ತು ಚಿಲ್ಲರೆ ಮನೆ. ನೀರು ಬಿಸಿಯಾಗಿ ಬೈಗೆ, ಬಂಗುಡೆ ಮೀನೆಲ್ಲ ತಣ್ಣನೆಯ ಆಳಕ್ಕೆ ಹೋದವು. ಡೀಸೆಲ್ ಬೋಟುಗಳು ಮೊದಲು ದುಬಾರಿಯಾದವು, ಆಮೇಲೆ ನಿಷೇಧವಾದವು. ಕಡಲ್ಕೊರೆತದಲ್ಲಿ ವಿದ್ಯುತ್ ಕಂಬಗಳು ಒಂದೊಂದಾಗಿ ನೀರಿಗೆ ಬಿದ್ದವು, ಉಳಿದಿದ್ದ ಸೋಲಾರ್ ಹಲಗೆಗಳನ್ನು ಒಂದು ಚಂಡಮಾರುತ ಹೊತ್ತುಕೊಂಡು ಹೋಯಿತು. ಮತ್ತೆ ಕೊಡಿ ಎಂದು ಕೇಳಿದರೆ, ಸರಕಾರದ ನಕ್ಷೆಯಲ್ಲಿ ನಿಮ್ಮೂರು ಖಾಲಿ ಮಾಡಬೇಕಾದ ಜಾಗ ಅಂತ ಇದೆ, ಖಾಲಿ ಜಾಗಕ್ಕೆ ಕರೆಂಟು ಯಾಕೆ ಎಂದರು. ಖಾಲಿ ಮಾಡಿ ಹೋದವರು ತಗಡಿನ ಶೆಡ್ಡುಗಳಲ್ಲಿ ಮೂರು ಮನೆಯವರು ಸೇರಿ ಒಂದು ಕೋಣೆಯಲ್ಲಿ ಇದ್ದಾರೆಂದು ಕೇಳಿ, ಉಳಿದವರು ಇಲ್ಲೇ ಉಳಿದರು. ಬಾವಿಯ ನೀರು ಉಪ್ಪಾಗಿತ್ತು. ಉಪ್ಪು ತೆಗೆಯುವ ಯಂತ್ರ ಪ್ರತಿ ಮನೆಯಲ್ಲೂ ಇತ್ತು, ಅದಕ್ಕೆ ಹಾಕಲು ಕರೆಂಟು ಇರಲಿಲ್ಲ.

ಆಗ ಹೆರಿಯಣ್ಣನ ಮಗಳು ಸುಗಂಧಿ ಹೊಳೆಯ ಕೆಸರಲ್ಲಿ ಬಿದ್ದಿದ್ದ 'ಬೊಬ್ಬರ್ಯ ಪ್ರಸಾದ'ವನ್ನು ಎಬ್ಬಿಸಿದಳು. ಅದು ಒಂದು ಕಾಲಕ್ಕೆ ಹಂಚು ಹೇರಿಕೊಂಡು ಗೋವೆ, ಬೊಂಬಾಯಿಗೆ ಹೋಗುತ್ತಿದ್ದ ಹಾಯಿಹಡಗು. ಊರವರಿಗೆ ದೊಡ್ಡದೂ ದೋಣಿಯೇ, ಸಣ್ಣದೂ ದೋಣಿಯೇ. ಅವಳ ಅಜ್ಜನ ಕಾಲದಲ್ಲಿ ಅದಕ್ಕೊಂದು ಡೀಸೆಲ್ ಇಂಜಿನ್ನು ಕೂರಿಸಿದ್ದರು. ಸುಗಂಧಿ ಬೋಟ್‌ಯಾರ್ಡಿನಲ್ಲಿ ಮೋಟಾರು ಬಿಚ್ಚಿ ಕಟ್ಟಿ ಕೈ ಪಳಗಿದವಳು. ತುಕ್ಕು ಹಿಡಿದ ಇಂಜಿನ್ನನ್ನು ಕಿತ್ತು ಹಾಕಿ, ಗುಜರಿಗೆ ಬಂದಿದ್ದ ಸಿಟಿ ಬಸ್ಸಿನ ಮೋಟಾರನ್ನು ಅದೇ ಜಾಗಕ್ಕೆ ಇಳಿಸಿದಳು. ಹಡಗು ಮಗುಚದಿರಲೆಂದು ಅಡಿಯಲ್ಲಿ ತುಂಬಿದ್ದ ಕಲ್ಲುಗಳನ್ನು ಊರವರೆಲ್ಲ ಸಾಲಾಗಿ ನಿಂತು ಹೊರಗೆ ಸಾಗಿಸಿದರು. ಕಲ್ಲುಗಳಿದ್ದ ಜಾಗದಲ್ಲಿ ಬಸ್ಸಿನ ಬ್ಯಾಟರಿಗಳು ಕೂತವು. ಭಾರಕ್ಕೆ ಭಾರವೂ ಆಯಿತು.

ವಿದ್ಯೆ ದೊಡ್ಡದೇನಲ್ಲ. ಮೋಟಾರಿಗೆ ಕರೆಂಟು ಕೊಟ್ಟರೆ ಅದು ನೀರಿನಡಿಯ ಫ್ಯಾನನ್ನು ತಿರುಗಿಸಿ ದೋಣಿಯನ್ನು ತಳ್ಳುತ್ತದೆ. ಗಾಳಿ ಹಾಯಿಯನ್ನು ಹಿಡಿದು ದೋಣಿಯನ್ನು ಎಳೆಯುವಾಗ, ಓಡುವ ನೀರು ಅದೇ ಫ್ಯಾನನ್ನು ತಿರುಗಿಸುತ್ತದೆ, ಆಗ ಅದೇ ಮೋಟಾರು ಕರೆಂಟು ಕೊಡುತ್ತದೆ. ಸೈಕಲ್ಲಿಗೆ ಡೈನಮೋ ತಾಗಿಸಿದರೆ ಪೆಡಲು ಭಾರವಾಗುವ ಹಾಗೆ ದೋಣಿಯ ಓಟ ಸ್ವಲ್ಪ ಕುಗ್ಗುತ್ತದೆ, ಅಷ್ಟೆ. ಬೆಳಿಗ್ಗೆ ಮೂಡುಗಾಳಿಯಲ್ಲಿ ಹೊರಗೆ ಹೋಗಿ, ಹಗಲಿಡೀ ಕಡಲಲ್ಲಿ ಅತ್ತಿಂದಿತ್ತ ಓಡಾಡಿ, ಸಂಜೆ ಪಡುಗಾಳಿಯಲ್ಲಿ ತುಂಬಿಕೊಂಡು ಬರುವುದು. ತಾಂಡೇಲನಾಗಿ ಚುಕ್ಕಾಣಿ ಹಿಡಿದವನು ಹೆರಿಯಣ್ಣ. ಹಾಯಿ ಕಟ್ಟಲು ಅವನ ತಂಗಿ ಗುಲಾಬಿಯ ಮಗ ಶೇಖರ, ಜೊತೆಗೆ ಊರಿನ ಇನ್ನಿಬ್ಬರು.

ಮುಚ್ಚಿದ್ದ ಐಸ್ ಫ್ಯಾಕ್ಟರಿ ಸುಗಂಧಿಯ ಕಂಟ್ರೋಲ್ ರೂಮಾಯಿತು. ಮಂಜುಗಡ್ಡೆ ಇಡುತ್ತಿದ್ದ ಕೋಣೆಯಲ್ಲಿ ಒಂದು ಪರದೆ, ಒಂದು ವೈರ್‌ಲೆಸ್ಸು. ದೋಣಿಯ ವೈರ್‌ಲೆಸ್ಸಿಗೆ ಬೇರೆಯೇ ಸಣ್ಣ ಬ್ಯಾಟರಿ. ಪರದೆಯ ಮೇಲೆ ದೋಣಿ ಎಲ್ಲಿದೆ, ಬ್ಯಾಟರಿಯಲ್ಲಿ ನೂರಕ್ಕೆ ಎಷ್ಟಿದೆ ಎಂಬುದು ಕಾಣುತ್ತಿತ್ತು. ಆ ಅಂಕಿ ಇಪ್ಪತ್ತಕ್ಕಿಂತ ಕೆಳಗಿಳಿಯದಂತೆ ಅವಳು ಬೀಗ ಹಾಕಿದ್ದಳು, ಅಂದರೆ ಐದರಲ್ಲೊಂದು ಪಾಲು ದೋಣಿಯಲ್ಲೇ ಉಳಿಯುತ್ತಿತ್ತು. ಬೀಗದ ಕೈ ಅವಳ ಕೊರಳ ಸರದಲ್ಲೇ ಪಿನ್ನಿನ ಜೊತೆ ತೂಗುತ್ತಿತ್ತು.

ಬೀಗಕ್ಕೆ ಕಾರಣ ಅಳಿವೆ. ಹೊಳೆ ಸಮುದ್ರ ಸೇರುವ ಆ ಬಾಯಲ್ಲಿ ಎರಡು ಮರಳ ದಿಬ್ಬ, ನಡುವೆ ಡೊಂಕಾದ ಒಂದು ದಾರಿ. ಅಲೆ ಒಡೆಯುವಾಗ ಅಲ್ಲಿ ಹಾಯಿ ನಂಬಿ ಬರುವಂತಿಲ್ಲ, ಮೋಟಾರೇ ಬೇಕು. ಗಾಳಿ ಇದ್ದ ದಿನ ಸಂಜೆ ಹೇಗೂ ಬ್ಯಾಟರಿ ತುಂಬಿರುತ್ತದೆ. ಗಾಳಿ ಇಲ್ಲದ ದಿನಕ್ಕೆಂದೇ ಆ ಐದನೇ ಪಾಲು.

ಊರಿಗೆ ಇದು ಸರಿ ಕಾಣಲಿಲ್ಲ. ರಂಪಣಿ ಬಲೆ ಎಳೆಯುತ್ತಿದ್ದ ಕಾಲದಿಂದ ಇಲ್ಲಿ ಎರಡು ಕಟ್ಟಳೆ. ಹಗ್ಗಕ್ಕೆ ಕೈ ಹಾಕಿದ ಮನೆಗಳಿಗೆಲ್ಲ ಒಂದೇ ಪಾಲು, ತಾಂಡೇಲನ ಮನೆಗೂ ಅಷ್ಟೇ. ಮತ್ತೆ, ಹಿಡಿದದ್ದು ಕತ್ತಲಾಗುವ ಮೊದಲು ಪಾಲಾಗಬೇಕು, ದೋಣಿಯಲ್ಲಿ ಒಂದು ಮೀನೂ ಉಳಿಯಬಾರದು. ಉಳಿದ ಮೀನು ಕೊಳೆಯುತ್ತದೆ, ಕರೆಂಟು ಕೊಳೆಯುವುದಿಲ್ಲ ಎಂದು ಸುಗಂಧಿ ನೂರು ಸಲ ಹೇಳಿದಳು. ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಿದ್ದರು, ಸಂಜೆ ಖಾಲಿಯಾಗದ ದೋಣಿಯನ್ನು ನೋಡಿ ಮುಖ ಸಣ್ಣ ಮಾಡುತ್ತಿದ್ದರು.

ಗುಲಾಬಿ ಮದುವೆಯಾದ ಹೊಸದರಲ್ಲೇ ಗಂಡನನ್ನು ಕಡಲಿಗೆ ಕೊಟ್ಟು ಮಗನೊಂದಿಗೆ ಅಣ್ಣನ ಮನೆಗೆ ಬಂದವಳು. ತಾಯಿ ಇಲ್ಲದ ಸುಗಂಧಿಯನ್ನೂ ಸಾಕಿದವಳು ಅವಳೇ. ಮೀನಿನ ಹುಡಿ ಮಾಡುವ ಕಡೆ ಹೊಗೆಯಲ್ಲಿ ದುಡಿದು ದುಡಿದು ಅವಳ ಶ್ವಾಸಕೋಶ ಹಾಳಾಗಿತ್ತು. ಪೇಟೆಯ ಆಸ್ಪತ್ರೆಯವರು, ಇದು ವಾಸಿಯಾಗುವ ಕಾಯಿಲೆಯಲ್ಲ, ಮನೆಯಲ್ಲೇ ಆಮ್ಲಜನಕ ಕೊಡಿ ಎಂದು ಒಂದು ಯಂತ್ರ ಕೊಟ್ಟು ಕಳಿಸಿದ್ದರು. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಮೂಗಿನ ನಳಿಗೆಗೆ ಬಿಡುವ ಪೆಟ್ಟಿಗೆ ಅದು. ಹಗಲು ಕುಳಿತು ಹೇಗೋ ಉಸಿರಾಡುತ್ತಿದ್ದಳು. ಮಲಗಿದರೆ ಯಂತ್ರ ಬೇಕು.

ಬೇಸಗೆಯ ಕೊನೆಗೆ ಗಾಳಿ ಸತ್ತಿತು. ಹಾಯಿ ಒಗೆದು ಹರವಿದ ಸೀರೆಯ ಹಾಗೆ ಜೋತುಬಿದ್ದಿರುತ್ತಿತ್ತು. ಮನೆಗೆ ಸಿಗುವ ಪಾಲು ಕುಡಿಯುವ ನೀರಿಗೇ ಸಾಲದಾಯಿತು. ಗುಲಾಬಿಯ ಯಂತ್ರ ನಸುಕಿಗೆ ಮೊದಲೇ ನಿಲ್ಲತೊಡಗಿತು. ಒಂದು ಬೆಳಿಗ್ಗೆ ಚಹಾ ಕೊಡಲು ಹೋದ ಸುಗಂಧಿ, ಅತ್ತೆಯ ತುಟಿ ನೇರಳೆಯಾಗಿದ್ದನ್ನು ನೋಡಿದಳು.

ಆ ಸಂಜೆ ದೋಣಿ ಬಂದ ಕೂಡಲೇ ಕೀಲಿ ಬಿಚ್ಚಿಕೊಂಡು ಅಪ್ಪನ ಮುಂದೆ ಹಿಡಿದಳು.

"ಅಪ್ಪಯ್ಯ, ಅತ್ತೆಗೆ ಮಾತ್ರ ತೆಗಿ. ಇಡೀ ರಾತ್ರಿ ಮಿಷನ್ ಓಡ್ರೂ ದೋಣಿಗೆ ಗೊತ್ತೂ ಆತಿಲ್ಲೆ. ಇಪ್ಪತ್ತ್ ಇದ್ದದ್ದ್ ಹತ್ತೊಂಬತ್ತ್ ಆತ್ತ್, ಅಷ್ಟೆ."

ಹೆರಿಯಣ್ಣ ಕೀಲಿಯನ್ನು ನೋಡಿದ, ಡಬ್ಬ ಹಿಡಿದು ನಿಂತ ಊರನ್ನು ನೋಡಿದ. "ನಮ್ಮನಿಗೆ ಮಾತ್ರ?"

"ಹೌದ್. ಉಸಿರಿಗೆ ಅಲ್ದಾ?"

"ಅವ್ರಿಗೆ ನೀರಿಗಿಲ್ಲೆ. ಬಾಬುವಿನ ಮನಿಲಿ ಬಾಣಂತಿ ಇದ್ಲ್. ನಮ್ಮನಿಗೆ ಮಾತ್ರ ತೆಗ್ದ್ರೆ ನಾಳೆ ನಾನ್ ಯಾವ ಮೋರೆಲಿ ಚುಕ್ಕಾಣಿ ಹಿಡೂದ್?"

"ಯಾರೂ ಎಂತದೂ ಹೇಳೂದಿಲ್ಲೆ ಅಪ್ಪಯ್ಯ. ಅವ್ರೇ ತೆಗಿ ಅಂಬ್ರ್."

"ಅವ್ರ್ ಹೇಳೂದಿಲ್ಲೆ. ನಂಗೇ ಆತಿಲ್ಲೆ ಮಗಾ." ಕೀಲಿ ತೆಗೆದುಕೊಂಡ. "ತೆಗೂದಾರೆ ಎಲ್ಲ ಮನಿಗೂ ತೆಗೀಕ್."

ಸುಗಂಧಿ ಕೈ ಹಿಡಿದು ಜಗ್ಗಿದಳು, ಅತ್ತಳು. ನಾಳೆ ಗಾಳಿ ಬರದಿದ್ದರೆ ಎಂದು ಕೇಳಿದಳು. ಹೋಗುವಾಗ ಇಳಿತದ ನೀರು, ಮೂಡುಗಾಳಿ, ಅದಕ್ಕೆ ಕರೆಂಟೇ ಬೇಡ. ಬರುವಾಗ ಅಷ್ಟಿಷ್ಟಾದರೂ ಬಿದ್ದಿರುತ್ತದೆ ಎಂದು ಅವನು ಹೇಳಿದ್ದು ಲೆಕ್ಕಕ್ಕೆ ತಪ್ಪೇನೂ ಆಗಿರಲಿಲ್ಲ. ಅಷ್ಟು ದಿನ ಹಾಗೇ ನಡೆದಿತ್ತು. ಒಬ್ಬಳ ಉಸಿರಿಗೆ ಸಾಕಾಗಿದ್ದದ್ದು ಒಂದು ಚಮಚ, ಅವನು ಇಡೀ ಕೊಡವನ್ನೇ ಬಗ್ಗಿಸಿದ. ಅಂಥ ಮನುಷ್ಯನನ್ನು ಬೈಯುವುದು ಹೇಗೆ ಎಂದು ಕತೆ ಹೇಳುವ ನನಗಂತೂ ಇಂದಿಗೂ ತಿಳಿಯದು. ಆ ಸಂಜೆ ದಡದಲ್ಲಿ ಎಲ್ಲರ ಮುಖವೂ ಅರಳಿತ್ತು. ಎಷ್ಟೋ ದಿನದ ಮೇಲೆ ದೋಣಿ ಖಾಲಿಯಾಗಿತ್ತು. ಗುಲಾಬಿ ಬೆಳಗಿನ ತನಕ ನಿದ್ದೆ ಮಾಡಿದಳು.

ಮಾರನೆಯ ದಿನ ಮೂಡುಗಾಳಿ ಅವರನ್ನು ಅಳಿವೆ ದಾಟಿಸಿ ಕೈಬಿಟ್ಟಿತು. ಆಮೇಲೆ ಗಾಳಿಯ ಸುಳಿವೇ ಇಲ್ಲ. ಸುಗಂಧಿ ಪರದೆಯ ಮುಂದೆ ಕೂತಿದ್ದಳು. ಬ್ಯಾಟರಿಯ ಅಂಕಿ ಸೊನ್ನೆ. ಮಧ್ಯಾಹ್ನವಾಯಿತು, ಸೊನ್ನೆ. ಗಾಳಿಯೇ ಇಲ್ಲದಿದ್ದರೂ ಎಲ್ಲೋ ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಅಷ್ಟು ದೂರ ಉರುಳಿಕೊಂಡು ಬರುತ್ತಿದ್ದವು. ಕಡಲ ನಡುವೆ ಅವು ದೋಣಿಯನ್ನು ಎತ್ತಿ ಇಳಿಸುವುದು ಬಿಟ್ಟರೆ ಮತ್ತೇನೂ ಮಾಡುವುದಿಲ್ಲ. ಅಳಿವೆಯ ದಿಬ್ಬದ ಮೇಲೆ ಮಾತ್ರ ಮನೆಯೆತ್ತರಕ್ಕೆ ಎದ್ದು ಒಡೆಯುತ್ತವೆ.

ಸಂಜೆಯ ಭರತ ಶುರುವಾದ ಮೇಲೆ ಪರದೆಯ ಚುಕ್ಕೆ ದಡದ ಕಡೆಗೆ ಸರಿಯತೊಡಗಿತು.

"ಅಪ್ಪಯ್ಯ, ಲಂಗರ್ ಹಾಕ್," ಎಂದಳು ವೈರ್‌ಲೆಸ್ಸಿನಲ್ಲಿ.

"ಹಾಕಿತ್ತ್. ಮರಳಂಗೆ ಹಿಡೂದಿಲ್ಲೆ, ಎಳ್ಕಂಡ್ ಬತ್ತಾ ಇತ್ತ್." ಹೆರಿಯಣ್ಣನ ಸ್ವರದಲ್ಲಿ ಗಾಬರಿ ಇರಲಿಲ್ಲ. "ಒಂಚೂರೂ ಇಲ್ಯಾ ಸುಗಂಧಿ? ಡೊಂಕ್ ದಾಟುಕೆ ಸಾಕಪ್ಪಷ್ಟ್?"

"ಇಲ್ಲೆ ಅಪ್ಪಯ್ಯ."

"ಹೋಯ್ಲಿ ಬಿಡ್. ಹುಡ್ಗರಿಗೆ ಹಾರುಕೆ ಹೇಳ್ತೆ. ಇಷ್ಟ್ ದೊಡ್ಡ ದೋಣಿಗೆ ಹುಟ್ಟ್ ಹಾಕಿ ಪ್ರಯೋಜ್ನ ಇಲ್ಲೆ."

ಸುಗಂಧಿ ಓಡಿ ದಡಕ್ಕೆ ಬಂದಾಗ ಊರೆಲ್ಲ ಅಲ್ಲಿತ್ತು. ಯಾರು ಹೇಳಿದರೋ, ಎಲ್ಲರೂ ನಿನ್ನೆ ತುಂಬಿಸಿಕೊಂಡ ಡಬ್ಬಗಳನ್ನು ಹೊತ್ತು ತಂದಿದ್ದರು. ಕೆಲವು ಅರ್ಧ, ಕೆಲವು ಮುಕ್ಕಾಲು ಹಾಗೇ ಇದ್ದವು. ಬಾಬುವಿನ ಮನೆಯವರು ತಂದದ್ದರಲ್ಲಿ ಮುಟ್ಟಿರಲೇ ಇಲ್ಲ. ದೋಣಿಯನ್ನು ಡೊಂಕು ದಾಟಿಸಲು ಬೇಕಾದ ಕರೆಂಟು ಪೂರ್ತಿ ಆ ಮರಳಿನ ಮೇಲೆ ಸಾಲಾಗಿ ಕೂತಿತ್ತು. ದೋಣಿ ಕೂಗಿದರೆ ಕೇಳುವಷ್ಟು ದೂರದಲ್ಲಿತ್ತು. ಇಬ್ಬರು ಡಬ್ಬ ಹೇರಿಕೊಂಡು ಸಣ್ಣ ಪಾತಿ ದೋಣಿ ತಳ್ಳಿದರು, ಮೊದಲ ಅಲೆಯೇ ಅವರನ್ನು ಡಬ್ಬ ಸಮೇತ ದಡಕ್ಕೆಸೆಯಿತು.

'ಬೊಬ್ಬರ್ಯ ಪ್ರಸಾದ' ತೆಂಕಣ ದಿಬ್ಬಕ್ಕೆ ಅಡ್ಡ ಬಿದ್ದಿತು. ಮೂವರು ಹುಡುಗರು ಈಜಿ ಬಂದರು. ಶೇಖರ ಎರಡು ಸಲ ಹಿಂದಕ್ಕೆ ಹೋಗಲು ನೋಡಿದ, ಉಳಿದವರು ಅವನನ್ನು ಹಿಡಿದು ಮರಳಿಗೆ ಒತ್ತಿಕೊಂಡರು. ಹೆರಿಯಣ್ಣ ಚುಕ್ಕಾಣಿ ಬಿಟ್ಟಿರಲಿಲ್ಲ. ಅವನ ಹೆಣ ಸಿಕ್ಕಿದ್ದು ಮರುದಿನ, ಹೊಳೆಯ ಒಳಗೆ.

ಕಡಲು ಶಾಂತವಾದ ಮೇಲೆ ದೋಣಿಯನ್ನು ಹಗ್ಗ ಹಾಕಿ ಎಳೆದರು. ಒಂದು ಪಕ್ಕದ ಹಲಗೆ ಬದಲಿಸಬೇಕಾಯಿತು. ಮೋಟಾರು ಬದುಕಿತು, ಬ್ಯಾಟರಿಗಳಲ್ಲಿ ಅರ್ಧದಷ್ಟು ಉಪ್ಪುನೀರು ಕುಡಿದು ಸತ್ತಿದ್ದವು. ಆ ಭಾರಕ್ಕೆ ಮತ್ತೆ ಕಲ್ಲು ತುಂಬಿದರು. ಈಗ ಶೇಖರ ತಾಂಡೇಲ. ದೋಣಿ ಹಿಡಿಯುವುದೇ ಅರ್ಧ, ಪಾಲೂ ಅರ್ಧ. ಗುಲಾಬಿಯ ಯಂತ್ರ ಓಡುವುದೂ ಅರ್ಧ ರಾತ್ರಿ.

ಹೊಸ ಬೀಗ ಹಾಕುವ ದಿನ ಊರು ಸೇರಿತು. ಐದನೇ ಪಾಲು ಮುಟ್ಟಬಾರದು ಎಂಬ ಮಾತಿಗೆ ಈ ಸಲ ಯಾರೂ ಮುಖ ಸಣ್ಣ ಮಾಡಲಿಲ್ಲ, ಆದರೆ ದೋಣಿಯಲ್ಲಿ ಉಳಿಸುವುದೆಂದರೆ ಅವರ ಮೈಗೇ ಒಗ್ಗದು. ಗಾಳಿ ಸತ್ತ ದಿನ ಮತ್ತೆ ಯಾರೋ ಕೇಳುತ್ತಾರೆ, ಮತ್ತೆ ಯಾರೋ ಕೊಡುತ್ತಾರೆ, ಅದು ಸುಗಂಧಿಗೆ ಗೊತ್ತಿತ್ತು. ಬಾಗಿಲಿಗೆ ಒರಗಿ ಕೂತಿದ್ದ ಗುಲಾಬಿ ಬಾಯಿ ತೆರೆದಳು.

"ಕಡ್ಲಂಗೆ ಸತ್ತವನ ಮನಿಗೆ ಒಂದ್ ವರ್ಷ ಪಾಲ್ ಕೊಡೂದ್ ಇತ್ತಲ್ದಾ?"

ಇದೆ ಎಂದರು. ಅದೂ ಹಳೆಯ ಕಟ್ಟಳೆಯೇ.

"ಹಾಂಗಾರೆ ಆ ಐದನೇದ್ ನನ್ನ ಅಣ್ಣನ ಪಾಲ್." ಉಸಿರು ಹಿಡಿಯಲು ನಿಲ್ಲಿಸಿದಳು. "ಅದ್ ನಮ್ಮನಿದ್. ನಾನ್ ಅದನ್ನ ದೋಣಿಯಂಗೇ ಇಡ್ತೆ. ಸತ್ತವನ ಪಾಲಿಗೆ ಯಾರೂ ಕೈ ಹಾಕೂದ್ ಬೇಡ."

ಯಾರೂ ಕೈ ಹಾಕಲಿಲ್ಲ. ಕೀಲಿ ಬೇಕಾಗಿಯೇ ಇರಲಿಲ್ಲ. ಪಾಲು ಹಂಚುವಾಗ ಅಂಕಿ ಇಪ್ಪತ್ತಕ್ಕೆ ಬಂದರೆ ಹೆಂಗಸರು ತಾವಾಗಿ ತಂತಿ ಬಿಚ್ಚಿ, "ಇನ್ನ್ ಹೆರಿಯಣ್ಣಂದ್" ಎಂದು ಹಿಂದೆ ಸರಿಯುತ್ತಿದ್ದರು.

ಮನೆಯಲ್ಲಿ ಸುಗಂಧಿ ಅತ್ತೆಯ ಕಾಲ ಬಳಿ ಕೂತು ಬೇಡಿದಳು. "ಅದ್ ನಿನ್ನ ಪಾಲೇ ಅಲ್ದಾ ಅತ್ತೆ? ಒಂದ್ ಚೂರ್ ತೆಗೀತೆ. ದೋಣಿಗೆ ಎಂತದೂ ಆತಿಲ್ಲೆ. ನಾನ್ ಲೆಕ್ಕ ಕಂಡಿದೆ."

"ಅವತ್ತೂ ನೀನ್ ಹಾಂಗೇ ಹೇಳಿದ್ದೆ."

"ಅವತ್ತೂ ಲೆಕ್ಕ ಸರಿಯೇ ಇತ್ತ್."

"ಸರಿಯೇ ಇತ್ತ್. ನಾವ್ ಸರಿ ಇಲ್ಲೆ ಮಗಾ. ನಾನ್ ತೆಗ್ದದ್ದ್ ಕಂಡ್ರೆ ಶೇಖರ ಬಾಬುವಿನ ಮನಿಗೂ ಕೊಡ್ತ. ಮತ್ತೊಂದ್ ಮನಿಗೂ ಕೊಡ್ತ. ಅವ ಅಣ್ಣನ್ನ ಕಂಡೇ ಬೆಳ್ದವ." ನಳಿಗೆಯನ್ನು ಮೂಗಿನ ಕೆಳಗೆ ಸರಿಪಡಿಸಿಕೊಂಡಳು. "ನನ್ನ ಮಗ ದೋಣಿಯಂಗಿದ್ದ. ಅದ್ ಅಲ್ಲೇ ಇರ್ಲಿ."

ನೆರೆಯವರು ತಮ್ಮ ಡಬ್ಬದಲ್ಲಿ ಉಳಿದ ಚೂರುಪಾರು ತಂದುಕೊಟ್ಟರು. ಕೆಲವು ದಿನ ತೆಗೆದುಕೊಂಡಳು. ಬಾಬುವಿನ ಮನೆಯ ಮಗು ಉಪ್ಪುನೀರು ಕುಡಿದು ವಾಂತಿ ಮಾಡಿತೆಂದು ಕೇಳಿದ ಮೇಲೆ ಅದನ್ನೂ ಬೇಡವೆಂದಳು.

ಶೇಖರನಿಗೆ ಇದೇನೂ ಪೂರ್ತಿ ತಿಳಿದಿರಲಿಲ್ಲ. ಅವನು ತಾಯಿಯನ್ನು 'ಅಬ್ಬಿ' ಎಂದು ಕರೆದು ಹೊರಡುವ ಹೊತ್ತಿಗೆ ಗುಲಾಬಿ ಎದ್ದು ಗೋಡೆಗೆ ಒರಗಿ ಕೂತು, ನಿಂತ ಯಂತ್ರದ ಮೇಲೆ ಸೀರೆ ಮುಚ್ಚಿ, ರಾತ್ರಿಯಿಡೀ ಓಡಿತು ಎನ್ನುತ್ತಿದ್ದಳು. ಸುಗಂಧಿಗೆ ಮಾತ್ರ ಮನೆಯದೂ ದೋಣಿಯದೂ ಎರಡೂ ಗೊತ್ತು. ಹಗಲು ಪರದೆಯ ಮೇಲೆ ಇಪ್ಪತ್ತೆಂಬ ಅಂಕಿ ಕದಲದೆ ನಿಂತದ್ದನ್ನು ನೋಡುವಾಗ, ಅದು ಬ್ಯಾಟರಿಯದ್ದು ಎಂದು ಅವಳಿಗೆ ಅನಿಸುತ್ತಲೇ ಇರಲಿಲ್ಲ. ಅದು ಅತ್ತೆಯ ಉಸಿರು, ಮನೆಯಿಂದ ಎತ್ತಿ ದೋಣಿಯಲ್ಲಿಟ್ಟದ್ದು. ಆ ಅಂಕಿಯನ್ನು ಕಂಡರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಮಳೆಗಾಲ ಕಳೆದು ಮತ್ತೆ ಗಾಳಿ ಸತ್ತ ಒಂದು ದಿನ, ಶೇಖರ ಹೊರಟ ಸ್ವಲ್ಪ ಹೊತ್ತಿಗೆ ಗುಲಾಬಿ ಗೋಡೆಗೆ ಒರಗಿದ್ದವಳು ಹಾಗೇ ಪಕ್ಕಕ್ಕೆ ವಾಲಿದಳು. ಸುಗಂಧಿ ಗಂಜಿಯ ಬಟ್ಟಲು ಕೆಳಗಿಟ್ಟು ಹಿಡಿದುಕೊಳ್ಳುವಷ್ಟರಲ್ಲಿ ಮುಗಿದಿತ್ತು. ಪಕ್ಕದ ಮನೆಯವರನ್ನು ಅಲ್ಲಿ ಕೂರಿಸಿ ಅವಳು ಐಸ್ ಫ್ಯಾಕ್ಟರಿಗೆ ನಡೆದಳು. ದೋಣಿಯನ್ನು ವಾಪಸು ಕರೆಯೋಣವೆಂದರೆ ಗಾಳಿ ಇಲ್ಲ. ದೂರದ ಅಲೆಗಳು ಆಗಲೇ ಬರತೊಡಗಿದ್ದವು, ದಡದಲ್ಲಿ ಅವುಗಳ ಸದ್ದು ಕೇಳುತ್ತಿತ್ತು.

ಸಂಜೆ ವೈರ್‌ಲೆಸ್ಸು ಕರಕರ ಅಂದಿತು.

"ಸುಗಂಧಿ, ಇವತ್ತ್ ಎಂತದೂ ಬೀಳ್ಲಿಲ್ಲೆ. ಮಾವನ ಪಾಲ್ ಮಾತ್ರ ಇತ್ತ್." ಶೇಖರನ ಕಣ್ಣೆದುರಿಗೇ ತೆಂಕಣ ದಿಬ್ಬ ಇತ್ತು. "ಅಬ್ಬಿ ಎಂತ ಮಾಡ್ತಾ ಇದ್ಲ್?"

ಸುಗಂಧಿ ಗುಂಡಿ ಒತ್ತಿದಳು.

"ಮಲ್ಗಿದ್ಲ್. ನೀನ್ ಅಳಿವೆ ಕಾಣ್."

"ಗಂಜಿ ಉಂಡ್ಲಾ?"

"ಅಳಿವೆ ಕಾಣ್ ಶೇಖರ. ಬಡಗಣ ದಿಬ್ಬಕ್ಕೆ ಹತ್ರ ಹಿಡಿ. ದೊಡ್ಡ ಅಲೆ ಹೋದ ಮೇಲೆ ಮೋಟಾರ್ ಪೂರ್ತಿ ಕೊಡ್. ಉಳ್ಸುಕೆ ಹೋಗ್ಬೇಡ."

ಅಂಕಿ ಇಳಿಯತೊಡಗಿತು. ಹದಿನೇಳು, ಹದಿಮೂರು. ಡೊಂಕಿನಲ್ಲಿ ಚುಕ್ಕೆ ಒಂದೇ ಕಡೆ ನಿಂತುಬಿಟ್ಟ ಹಾಗಾಯಿತು, ಅಂಕಿ ಮಾತ್ರ ಇಳಿಯುತ್ತಲೇ ಇತ್ತು. ಎಂಟು. ಐದು. ಆಮೇಲೆ ಚುಕ್ಕೆ ಕದಲಿತು, ಡೊಂಕು ಕಳೆದು ಹೊಳೆಯ ಒಳಗೆ ಬಂತು. ದಡದಿಂದ ಕೂಗು ಕೇಳಿಸಿತು. ಪರದೆಯಲ್ಲಿ ಸೊನ್ನೆ ಇತ್ತು. ಸುಗಂಧಿ ಅದನ್ನು ಆರಿಸಿ ಹೊರಗೆ ಬಂದಳು.

ಮೂವರೂ ಇಳಿದರು. ಊರೆಲ್ಲ ದಡದಲ್ಲಿತ್ತು, ಯಾರ ಸೊಂಟದಲ್ಲೂ ಡಬ್ಬ ಇರಲಿಲ್ಲ. ಶೇಖರ ಅದನ್ನು ಗಮನಿಸಲಿಲ್ಲ. ಒದ್ದೆ ಮೈಯಲ್ಲಿ ನಡುಗುತ್ತಾ, ದೋಣಿಯಲ್ಲಿದ್ದ ತನ್ನ ಮನೆಯ ಖಾಲಿ ಡಬ್ಬವನ್ನು ಎತ್ತಿಕೊಂಡು ಸುಗಂಧಿಯ ಹತ್ತಿರ ಬಂದ. ಬದುಕಿ ಬಂದ ಸಂತೋಷ ಅವನ ಮುಖದಲ್ಲಿ ಇನ್ನೂ ಇತ್ತು, ಅದರ ಜೊತೆಗೆ ನಾಚಿಕೆಯೂ.

"ಮಾವನ ಪಾಲ್ ಪೂರ್ತಿ ಖರ್ಚಾಯ್ತ್ ಮಾರಾಯ್ತಿ," ಎಂದ. "ಒಂದ್ ಚೂರೂ ಉಳ್ಸುಕೆ ಆಯ್ಲಿಲ್ಲೆ. ಇವತ್ತ್ ಅಬ್ಬಿಗೆ ಎಂತ ಕೊಡೂದ್?"

ಸುಗಂಧಿ ಅವನ ಕೈಯಿಂದ ಡಬ್ಬ ತೆಗೆದು ಮರಳಿನ ಮೇಲಿಟ್ಟಳು.

"ಅವ್ಳಿಗೆ ಇನ್ನ್ ಬೇಡ," ಎಂದಳು.